ಉತ್ತೇಜಕ-ನಿದ್ರಾ-ಮೀಮಾಂಸೆ

ಇನ್ನು ತೂಕಡಿಕೆಯ ಜಿಜ್ಞಾಸೆ.

ಎಚ್ಚರ ಹೆಚ್ಚಲೆಂದು ಕೊಟ್ಟ ಮಾತ್ರೆ ನುಂಗಿದವನು ನಿದ್ದೆಹೋದರೆ ದೋಷ ಮಾತ್ರೆಯದೋ, ನುಂಗಿದವನದೋ, ಮಾರಿದ ಮೆಡಿಕಲ್ ಶಾಪಿನವನದೋ ಎಂಬುದು ಇಲ್ಲಿನ ವಿಚಾರ್ಯ ವಿಷಯ. ಉದಾಹರಣೆಗೆ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನು ಕಲ್ಪಿಸಿಕೊಳ್ಳಿ. ಮೂವತ್ತು ದಾಟಿದ ಮೇಲೆ ತನಗೆ ಎಡಿಎಚ್‌ಡಿ ಎಂಬ ಗಮನ ನಿಲ್ಲದ ತೊಂದರೆ ಇದೆಯೆಂದು ಗೊತ್ತಾಗಿದೆ. ವೈದ್ಯರು ಮೀಥೈಲ್‌ಫೆನಿಡೇಟ್ ಎಂಬ ಉತ್ತೇಜಕ ಬರೆದುಕೊಟ್ಟಿದ್ದಾರೆ. ಬೆಳಗ್ಗೆ ಎಂಟಕ್ಕೆ ಮಾತ್ರೆ. ಹಸಿವಿಲ್ಲವೆಂದು ಇಡ್ಲಿ ತಟ್ಟೆಯಲ್ಲೇ ಉಳಿಯಿತು. ಹತ್ತೂವರೆಯ ಮೀಟಿಂಗಿನಲ್ಲಿ, ಕ್ಯಾಮೆರಾ ಆನ್ ಇರುವಾಗಲೇ, ಗದ್ದ ಎದೆಗೆ ತಾಗಿತು.

ಇದಕ್ಕೆ ಎರಡು ಪೂರ್ವಪಕ್ಷಗಳು. "ಮಾತ್ರೆ ಅದಲುಬದಲಾಗಿದೆ ಕಣೋ, ಸ್ಟ್ರಿಪ್ ತಾ ಇಲ್ಲಿ" ಎಂಬುದು ಪಿತೃಮತ. ಕನ್ನಡಕವನ್ನು ಹಣೆಗೇರಿಸಿ, ಸ್ಟ್ರಿಪ್ಪನ್ನು ಟ್ಯೂಬ್‌ಲೈಟಿಗೆ ಹಿಡಿದು ಓದುವುದು ಈ ಮತದ ಪ್ರಮಾಣವಿಧಾನ. ಬೇಕಾದ ಅಕ್ಷರವಿದ್ದ ತುದಿಯೇ ಹರಿದುಹೋಗಿರುವುದು ಅದರ ನಿತ್ಯಸಂಕಟ. "ರಾತ್ರಿ ಎರಡರವರೆಗೆ ಮೊಬೈಲ್ ಉಜ್ಜಿದರೆ ಇನ್ನೇನಾಗುತ್ತೆ?" ಎಂಬುದು ಮಾತೃಮತ. ಪಂಡಿತರು ಮಾತೃಮತವನ್ನು ಹಗುರವಾಗಿ ಕಾಣುವುದುಂಟು. ಅದು ಸಲ್ಲದು.

ಪಿತೃಮತಕ್ಕೆ ಇತಿಹಾಸದ ಬೆಂಬಲವಿದೆ. 1944ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿಯ ಲಿಯಾಂಡ್ರೊ ಪಾನಿಟ್ಸೊನ್ ಈ ಮೀಥೈಲ್‌ಫೆನಿಡೇಟನ್ನು ತಯಾರಿಸಿದರು. ಅವರ ಪತ್ನಿ ರೀಟಾ ಅವರಿಗೆ ಬಿಪಿ ಕಡಿಮೆ. ಟೆನಿಸ್ ಆಡುವ ಮುಂಚೆ ಇದನ್ನು ತೆಗೆದುಕೊಳ್ಳುತ್ತಿದ್ದರು. ರಿಟಾಲಿನ್ ಎಂಬ ಹೆಸರು ಬಂದದ್ದು ಅವರಿಂದಲೇ. ಟೆನಿಸ್ ಆಡಿಸುವ ಮದ್ದು ಗೊರಕೆ ಹೊಡೆಸುವುದೆಂತು?

ಆದರೆ ಇನ್ನೂ ಹಿಂದೆ ಹೋದರೆ ಪಿತೃಮತದ ಬುಡ ಅಲ್ಲಾಡುತ್ತದೆ. 1937ರಲ್ಲಿ ಅಮೆರಿಕದ ರೋಡ್ ಐಲೆಂಡಿನಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರು 30 ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕ ಕೊಟ್ಟರು. ತಲೆ ಪರೀಕ್ಷೆಯ ನಂತರ ಬರುತ್ತಿದ್ದ ತಲೆನೋವು ಹೋಗಲೆಂಬುದು ಮೂಲ ಉದ್ದೇಶ. ತಲೆನೋವಿಗೆ ಅಂಥ ಉಪಯೋಗವಾಗಲಿಲ್ಲ. ಆದರೆ ಸುಮಾರು ಅರ್ಧದಷ್ಟು ಮಕ್ಕಳು ಪಾಠದಲ್ಲಿ ಚುರುಕಾದರು, ಗಲಾಟೆಯ ಹಲವು ಮಕ್ಕಳು ತೆಪ್ಪಗಾದರು. ಮಕ್ಕಳು ಅದಕ್ಕೆ ಲೆಕ್ಕದ ಮಾತ್ರೆ ಎಂದೇ ಹೆಸರಿಟ್ಟರಂತೆ. ಶಾಸ್ತ್ರದಲ್ಲಿ ಇಂಥ ಆಕಸ್ಮಿಕಗಳಿಗೆ ಆವಿಷ್ಕಾರ ಎನ್ನುತ್ತಾರೆ.

ಈಗ ನಮ್ಮ ಸಿದ್ಧಾಂತ. ಮೀಥೈಲ್‌ಫೆನಿಡೇಟ್ ಮೆದುಳಿನಲ್ಲಿ ಡೋಪಮಿನ್, ನೊರ್‌ಅಡ್ರಿನಲಿನ್‌ ಎಂಬ ರಾಸಾಯನಿಕಗಳು ಬೇಗ ವಾಪಸಾಗದಂತೆ ತಡೆಯುತ್ತದೆ. ಕೆಲವರಲ್ಲಿ ಆಗ ತಲೆಯೊಳಗಿನ ಗದ್ದಲ ಅಡಗುತ್ತದೆ. ಬೀಗರನ್ನೆಲ್ಲ ಬಸ್ಸು ಹತ್ತಿಸಿದ ಮೇಲೆಯೇ ಮದುವೆ ಮನೆಯ ಯಜಮಾನನಿಗೆ ಕಾಲುನೋವು ಗೊತ್ತಾಗುವುದು. ಹಾಗೆ, ಅಷ್ಟು ದಿನ ಬಾಕಿ ಉಳಿದಿದ್ದ ಆಯಾಸ ಈಗ ಎದುರಿಗೆ ಬಂದು ಕೂರುತ್ತದೆ. ನಿದ್ದೆ ನಾಶವಾಗುವುದಿಲ್ಲ, ಮುಂದಕ್ಕೆ ಹೋಗುತ್ತದೆ ಅಷ್ಟೆ. ಜನಪದರ ಕಥೆಯಲ್ಲಿ ಲಕ್ಷ್ಮಣ ವನವಾಸದಲ್ಲಿ ಬಿಟ್ಟ ಹದಿನಾಲ್ಕು ವರ್ಷದ ನಿದ್ದೆಯನ್ನು ಮನೆಯಲ್ಲಿ ಊರ್ಮಿಳೆ ಮಲಗಿ ತೀರಿಸಬೇಕಾಯಿತು. ಸಾಫ್ಟ್‌ವೇರಿನವನಿಗೆ ಆ ಅನುಕೂಲವೂ ಇಲ್ಲ, ಆತ ಅವಿವಾಹಿತ.

ಉಪಕಾರಣಗಳೂ ಉಂಟು. ಸಾದಾ ಮಾತ್ರೆಯ ಪ್ರಭಾವ ನುಂಗಿದ ಸುಮಾರು ನಾಲ್ಕು ತಾಸಿನಲ್ಲಿ ಇಳಿಯುತ್ತದೆ. ಇಳಿಯುವಾಗ ಕೆಲವರು ಧೊಪ್ಪನೆ ಬೀಳುತ್ತಾರೆ. ಹಸಿವು ಕಟ್ಟುವುದರಿಂದ ಹೊಟ್ಟೆ ಖಾಲಿ. ರಾತ್ರಿ ನಿದ್ದೆ ತಡ. ಡೋಸ್ ಹೆಚ್ಚಾದರೂ ಮಂಕು ಕವಿಯಬಹುದು. ಇನ್ನು ಡಬ್ಬಿಯೊಳಗಿನ ಮಡಿಸಿದ ಕಾಗದ: ಅಡ್ಡಪರಿಣಾಮಗಳ ಪಟ್ಟಿಯಲ್ಲಿ ನಿದ್ರಾಹೀನತೆಯನ್ನೂ ತೂಕಡಿಕೆಯನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತದೆ. ಅದ್ವೈತಿಗಳೂ ಇಷ್ಟು ಧೈರ್ಯ ಮಾಡಲಿಲ್ಲ. ಹೀಗಾಗಿ ವೈದ್ಯರ ಮೊದಲ ಪ್ರಶ್ನೆ "ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತೀರಿ, ತಿಂಡಿ ತಿಂದಿರಾ?" ಎಂದೇ. ಡೋಸಿನ ಮಾತು ಆಮೇಲೆ. ಮಾತೃಮತಕ್ಕೆ ಇಲ್ಲಿ ಫೀಸು ಕೊಟ್ಟು ಪಡೆದ ಜಯ.

ಕೊನೆಯ ಆಕ್ಷೇಪ: ಇದು ಎಡಿಎಚ್‌ಡಿಯವರಿಗಷ್ಟೇ ಆಗುವ ವಿಲೋಮ ಪರಿಣಾಮವಲ್ಲವೆ? ಅಲ್ಲ. 1978ರಲ್ಲಿ ಅಮೆರಿಕದ ಜುಡಿತ್ ರಾಪೊಪೋರ್ಟ್ ಮತ್ತು ಸಂಗಡಿಗರು ಯಾವ ತೊಂದರೆಯೂ ಇಲ್ಲದ ಹುಡುಗರಿಗೆ ಆಂಫೆಟಮಿನ್ ಎಂಬ ಉತ್ತೇಜಕ ಕೊಟ್ಟು ನೋಡಿದರು. ಅವರ ಕುಣಿದಾಟವೂ ಇಳಿಯಿತು. ರೋಗಿಯನ್ನು ಮಾತ್ರ ನೋಡದೆ ಪಕ್ಕದವರನ್ನೂ ನೋಡಬೇಕೆಂಬ ಈ ಪದ್ಧತಿಯನ್ನು ನಾವು ಹತ್ತೂವರೆಯ ಮೀಟಿಂಗಿಗೂ ಅನ್ವಯಿಸಿದೆವು. ಮಾತ್ರೆ ನುಂಗದ ಮಿಕ್ಕವರೂ ಅಷ್ಟೇ ಗಾಢವಾಗಿ ತೂಕಡಿಸುತ್ತಿದ್ದರು. ಅವರ ಕ್ಯಾಮೆರಾ ಆಫ್ ಇತ್ತು.