ಕೊರವನಿಗೆ ಕೆಸರು, ಅವಲಿಗೆ ಮಡು

ಮೀನಿನವನು ‘ಎಲ್ಲಾ ಒಂದೇ ಕೊರವ’ ಅಂದ್ನಾ ಶಾಂತಕ್ಕ? ಒಂದೇ ಹೇಗಾಗುತ್ತೆ! ಕುಲ ಒಂದೇ ನಿಜ, ವಾಸ ಬೇರೆ ಬೇರೆ. ಒಡಹುಟ್ಟಿದವರೆಲ್ಲ ಒಂದೇ ಒಲೆ ಮುಂದೆ ಕೂತ್ಕೋತಾರಾ?

ಕೊರವನಿಗೆ ನಿಂತ ನೀರು ಬೇಕು. ಕೆರೆ ಅಂಚು, ಗದ್ದೆ ಬಯಲು, ಜೊಂಡು ಬೆಳೆದ ಗುಂಡಿ. ಕೆಸರಿದ್ದಷ್ಟೂ ಖುಷಿ. ಕಿವಿರಿನ ಮೇಲೆ ಗಾಳಿ ಹಿಡಿಯೋಕೆ ಅದಕ್ಕೊಂದು ಸಣ್ಣ ಕೋಣೆಯೇ ಇದೆ. ಆಗಾಗ ಮೇಲೆ ಬಂದು ಒಂದು ಗುಟುಕು ನುಂಗಿ ಇಳಿಯುತ್ತೆ. ಮೇಲೆ ಬರೋಕೆ ಬಿಡದೆ ತಡೆದರೆ, ನೀರಲ್ಲಿದ್ದೂ ಉಸಿರು ಕಟ್ಟಿ ಸಾಯೋ ಮೀನು ಅದು, ನಂಬ್ತೀರಾ? ಕೆರೆ ಬತ್ತಿದರೆ ಕೆಸರೊಳಗೆ ಹೂತುಕೊಂಡು ಮಳೆಗೆ ಕಾಯುತ್ತೆ. ಸಂತೆಯಲ್ಲಿ ಬೊಗಸೆ ನೀರಲ್ಲಿ ಗಂಟೆಗಟ್ಟಲೆ ಜೀವ ಹಿಡಿದಿರೋದೂ ಅದಕ್ಕೇ. ತೆಲಂಗಾಣದವರು ಇದನ್ನೇ ರಾಜ್ಯದ ಮೀನು ಮಾಡ್ಕೊಂಡಿದ್ದಾರೆ. ಹೈದರಾಬಾದಲ್ಲಿ ಮೃಗಶಿರಾ ಮಳೆ ಹೊತ್ತಿಗೆ ಉಬ್ಬಸಕ್ಕೆ ಅಂತ ಮರಿ ಜೀವಂತ ನುಂಗಿಸ್ತಾರಲ್ಲ, ಅದೂ ಇದೇ. ಉಬ್ಬಸ ಹೋಗುತ್ತೋ ಇಲ್ವೋ, ಮರಿಯಂತೂ ಹೋಯ್ತು.

ಅವಲು ಹಾಗಲ್ಲ, ದೊಡ್ಡಸ್ತಿಕೆ ಜಾಸ್ತಿ. ಹೊಳೆಯ ಆಳದ ಮಡು, ತಿಳಿ ನೀರು, ಕೆಳಗೆ ಮರಳೋ ಬಂಡೆಯೋ ಇರಬೇಕು. ಅಣೆಕಟ್ಟೆಯ ಹಿನ್ನೀರಾದರೂ ಒಗ್ಗುತ್ತೆ. ಮೀಟರು ದಾಟಿ ಬೆಳೆಯುತ್ತೆ. ಬಾಲದ ಬುಡದಲ್ಲಿ ಕಣ್ಣಿನಂಥ ಬೊಟ್ಟು ನೋಡಿ ಗುರುತು ಹಿಡೀಬಹುದು.

ಮೂರನೆಯದು ಗೇಣುದ್ದದ್ದು. ಮಲೆನಾಡಿನ ಹಳ್ಳ, ತೋಟದ ಕಾಲುವೆ, ಕಲ್ಲಿನ ಸಂದಿ ಅದರ ಜಾಗ. ಅದರ ಗಂಡು ಮೊಟ್ಟೆಗಳನ್ನ ಬಾಯಲ್ಲೇ ಇಟ್ಕೊಂಡು ಕಾಯುತ್ತೆ. ಕೊರವನ ಮೊಟ್ಟೆ ನೀರ ಮೇಲೆ ತೇಲುತ್ತೆ. ಹರಿಯೋ ಹಳ್ಳದಲ್ಲಿ ಹಾಗೆ ಬಿಟ್ಟರೆ ಕೊಚ್ಚಿ ಹೋಗಲ್ವೇ, ಅದಕ್ಕೇ ಈ ಉಪಾಯ ಇರಬೇಕು. ಪಾಪ, ಅಷ್ಟು ದಿನ ಉಪವಾಸ. ನಮ್ಮನೆಯವರಿಗೆ ಹೇಳಿದೆ, ನಕ್ಕು ಸುಮ್ಮನಾದರು.

ಟಿಪ್ಪು ಹೋದ ಮೇಲೆ, 1800ರಲ್ಲಿ, ನಮ್ಮ ಸೀಮೆಯೆಲ್ಲ ಸುತ್ತಿದ ಬುಕಾನನ್ ಗೊತ್ತಲ್ಲ? ಆತನೇ ಆಮೇಲೆ ಗಂಗಾ ನದಿಯ ಮೀನುಗಳ ಮೇಲೆ ಪುಸ್ತಕ ಬರೆದು, 1822ರಲ್ಲಿ, ಅವಲಿಗೂ ಈ ಗೇಣುದ್ದದ್ದಕ್ಕೂ ಶಾಸ್ತ್ರದ ಹೆಸರಿಟ್ಟಿದ್ದು. ಇಲ್ಲಿ ಓಡಾಡುವಾಗ ಇವನ್ನ ಸಾರಿನಲ್ಲಿ ತಿಂದಿದ್ದನೋ ಏನೋ!

ಈಗ ಕೆರೆ ಚಂದ ಮಾಡ್ತೀವಿ ಅಂತ ಸುತ್ತ ಕಲ್ಲು ಕಟ್ಟಿ, ಜೊಂಡು ಕಿತ್ತು, ನಡೆಯೋಕೆ ದಾರಿ ಹಾಕ್ತಾರೆ. ಕೊರವ ಗೂಡು ಮಾಡೋದು ಆ ಜೊಂಡಿನಲ್ಲೇ: ನಡುವೆ ದುಂಡಗೆ ಬಿಡಿಸಿಕೊಂಡು ಮೊಟ್ಟೆ ತೇಲಿಬಿಟ್ಟು, ಕೆಂಪು ಮರಿಗಳ ಹಿಂಡನ್ನ ಕಾಯ್ತಾ ತಿರುಗುತ್ತೆ. ಆಫ್ರಿಕಾದಿಂದ ಬಂದ ಜಿಲೇಬಿ ಮೀನಿಗೆ ಜೊಂಡಿನ ಹಂಗೇ ಇಲ್ಲ. ಅದೂ ಮೊಟ್ಟೆನ ಬಾಯಲ್ಲೇ ಹೊರುತ್ತೆ. ಕಲ್ಲು ಕಟ್ಟಿದ ಕೆರೆಯಲ್ಲಿ ಯಾರಿಗೆ ಅನುಕೂಲ, ನೀವೇ ಲೆಕ್ಕ ಹಾಕಿ. ನನ್ನ ಕೇಳಿದರೆ, ನಡೆಯೋ ದಾರಿ ಒಂದು ಕಡೆಗೆ ಸಾಕು, ಮೂರು ಕಡೆ ಜೊಂಡು ಹಾಗೇ ಇರಲಿ.