ಗಚ್ಚಿಬೌಲಿ ವಿನ್ಯಾಸಸೂತ್ರ: ಅಲ್ಪವ್ಯಯ ಪ್ರಕರಣ

ಅನುಬಂಧ ಚತುಷ್ಟಯ

ಶಾಸ್ತ್ರವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಇರಲೇಬೇಕು. ಇಲ್ಲಿ ವಿಷಯ: ಗ್ರಾಫಿಕ್ ಡಿಸೈನ್. ಪ್ರಯೋಜನ: ಸಂಬಳದ ಮೇಲೊಂದು ಸಂಬಳ. ಸಂಬಂಧ: ಇವೆರಡರ ನಡುವೆ ಇದೆಯೆಂದು ಕೋರ್ಸ್ ಮಾರುವವರು ಹೇಳುವಂಥದ್ದು. ಅಧಿಕಾರಿ: ಕಲಬುರಗಿ, ಬೀದರ್, ರಾಯಚೂರು ಕಡೆಯಿಂದ ಬಂದು ಹೈದರಾಬಾದಿನ ಗಚ್ಚಿಬೌಲಿಯ ಪೀಜಿಯಲ್ಲಿ ಮೂವರ ಕೋಣೆಯ ನಡುವಿನ ಮಂಚ ಪಡೆದವನು. ತಿಂಗಳ ಇಪ್ಪತ್ತನೇ ತಾರೀಖು ದಾಟಿದರೆ ಅವನ ಅಧಿಕಾರ ಇನ್ನಷ್ಟು ಗಟ್ಟಿಯಾಗುತ್ತದೆ.

ಪೂರ್ವಪಕ್ಷ

ರೊಕ್ಕ ಸುರಿಯದೆ ವಿದ್ಯೆ ಬಾರದೆಂಬುದು ಎದುರಾಳಿಗಳ ವಾದ. ಇವರಲ್ಲಿ ಎರಡು ಪಂಥ. ಅಮೀರ್‌ಪೇಟ್ ಪಂಥದವರು ರಾಯದುರ್ಗದಲ್ಲಿ ಮೆಟ್ರೊ ಹತ್ತಿ ಹೋಗಿ, ಮೈತ್ರಿವನಂ ಸುತ್ತಲಿನ ಕೋಚಿಂಗ್ ಗಲ್ಲಿಗಳಲ್ಲಿ ಕರಪತ್ರ ಸಂಗ್ರಹಿಸುತ್ತಾರೆ. ಆ ಕರಪತ್ರವನ್ನು ನೋಡಿದ ಮೇಲೂ ಡಿಸೈನ್ ಕಲಿಯಲು ಅಲ್ಲೇ ಫೀಸು ಕಟ್ಟುವುದಕ್ಕೆ ಶ್ರದ್ಧೆ ಎಂದು ಹೆಸರು. ಚಂದಾ ಪಂಥದವರು 2013ರಲ್ಲಿ ಅಡೋಬಿ ಚಂದಾ ಪದ್ಧತಿಗೆ ಹೊರಳಿದಂದಿನಿಂದ ತಂತ್ರಾಂಶಕ್ಕೆ ಬಾಡಿಗೆ ಕಟ್ಟುತ್ತಿದ್ದಾರೆ, ಅದನ್ನು ತೆರೆಯದ ತಿಂಗಳಲ್ಲೂ.

ಖಂಡನೆ

1996ರಲ್ಲಿ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಹೊರತಂದ ಜಿಂಪ್ ಚಿತ್ರ ತಿದ್ದಲಿಕ್ಕಿದೆ. 2003ರಲ್ಲಿ ಹುಟ್ಟಿದ ಇಂಕ್‌ಸ್ಕೇಪ್ ಲೋಗೋ ಬರೆಯಲಿಕ್ಕಿದೆ. ಎರಡೂ ಉಚಿತ. ಕನ್ನಡದ ಒತ್ತಕ್ಷರವನ್ನು ಎರಡೂ ಅದರ ಜಾಗದಲ್ಲೇ ಕೂರಿಸುತ್ತವೆ. ದುಬಾರಿ ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲೋ, ನಮ್ಮ ಲಿಪಿಗಳ ಆಯ್ಕೆಯನ್ನು ಒತ್ತದಿದ್ದರೆ ಒತ್ತು ಕಳಚಿಕೊಂಡು ಪಕ್ಕಕ್ಕೆ ಬಂದು ನಿಲ್ಲುತ್ತಿದ್ದುದುಂಟು. ಅಕ್ಷರಕ್ಕೇನು ಮಾಡುವುದು ಎಂದರೆ, ಗೂಗಲ್ ಫಾಂಟ್ಸ್‌ನಲ್ಲಿ ಹುಬ್ಬಳ್ಳಿ, ಬೆಣ್ಣೆ, ಬಲೂ ತಮ್ಮ ಇವೆ. ಊರು, ಊಟ, ಬಂಧು ಮೂರೂ ಪುಕ್ಕಟೆ ಸಿಗುವ ಸ್ಥಳ ಪೀಜಿವಾಸಿಗೆ ಬೇರೆಲ್ಲಿದೆ?

ಪ್ರಮಾಣ ವಿಚಾರ

ಶಬ್ದ: ಐಐಟಿ ಬಾಂಬೆಯ ಡಿ-ಸೋರ್ಸ್ ತಾಣದಲ್ಲಿ ವಿನ್ಯಾಸದ ಪಾಠಗಳು ಬಿಟ್ಟಿ. ಎನ್‌ಪಿಟಿಇಎಲ್‌ನಲ್ಲೂ ಪಾಠ ಕೇಳಲು ಕಾಸಿಲ್ಲ, ಪರೀಕ್ಷೆಗೆ ಮಾತ್ರ ಶುಲ್ಕ. ಅಂದರೆ ಪ್ರಮಾಣ ಉಚಿತ, ಪ್ರಮಾಣಪತ್ರಕ್ಕಷ್ಟೇ ದುಡ್ಡು.

ಪ್ರತ್ಯಕ್ಷ: ಹಳೇ ನಗರದ ಛತ್ತಾ ಬಜಾರಿನ ಮದುವೆ ಕಾರ್ಡ್ ಅಂಗಡಿಗಳ ಮುಂದೆ ನಿಂತು, ಉರ್ದು ಬರಹ ಎಲ್ಲಿ ಜಾಗ ಬಿಡುತ್ತದೆ, ಎಲ್ಲಿ ಚಾಚಿಕೊಳ್ಳುತ್ತದೆ ಎಂದು ನೋಡುವುದು. ಖರ್ಚು ಬಸ್ಸಿನದಷ್ಟೇ.

ಅನುಮಾನ: ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ; ಎಲ್ಲೆಲ್ಲಿ ಏಳು ಫಾಂಟೋ ಅಲ್ಲಲ್ಲಿ ಹೊಸಬ.

ಉಪಮಾನ: ಗವಯವನ್ನು ಕಾಣದವನಿಗೆ ‘ಗೋವಿನ ಹಾಗಿರುತ್ತದೆ’ ಎನ್ನುವುದು ನೈಯಾಯಿಕರ ಉದಾಹರಣೆ. ಇದೇ ನ್ಯಾಯದಿಂದ ಹೈದರಾಬಾದಿನ ಫ್ಲೆಕ್ಸ್ ಅಂಗಡಿಯಲ್ಲಿ ಕನ್ನಡ ತೆಲುಗಾಗುತ್ತದೆ. ಯೂನಿಕೋಡಿನಲ್ಲಿ ಎರಡೂ ಲಿಪಿಗೆ ತಲಾ 128 ಮನೆ, ಅವೂ ಅಕ್ಕಪಕ್ಕದ ಓಣಿಯಲ್ಲಿ. ತಲೆಕಟ್ಟು ನೋಡಿ ಇದು ಯಾವ ಓಣಿಯದೆಂದು ಹೇಳಬಲ್ಲವನಿಗೆ ಅಕ್ಷರವಿನ್ಯಾಸದ ಅರ್ಧ ಪಾಠ ಮುಗಿದಂತೆ.

ಸಿದ್ಧಾಂತ

ಪಾಠ, ಸಲಕರಣೆ, ಅಕ್ಷರ ಎಲ್ಲವೂ ಉಚಿತವಾದರೆ ದುರ್ಲಭವಾದುದು ಯಾವುದು? ‘ಚೆನ್ನಾಗಿಲ್ಲ’ ಎಂದು ಮುಖಕ್ಕೆ ಹೇಳುವವನು. ಫೀಸು ಪಡೆದ ಗುರು ಇದನ್ನು ಹೇಳುವುದು ಅಪರೂಪ, ಏಕೆಂದರೆ ಎರಡನೇ ಕಂತು ಬಾಕಿ ಇರುತ್ತದೆ. ಆದ್ದರಿಂದ ಶಿಷ್ಯನು ಕನ್ನಡ ಸಂಘದ ರಾಜ್ಯೋತ್ಸವದ ಬ್ಯಾನರನ್ನು ಬೇಡಿ ಪಡೆದು, ತಾನೇ ರಚಿಸಿ, ಫ್ಲೆಕ್ಸ್ ಅಂಗಡಿಗೆ ಒಯ್ಯತಕ್ಕದ್ದು. ಹಳೆಯ ನುಡಿ ಫಾಂಟಿನಲ್ಲಿ ಬರೆದ ‘ರಾಜ್ಯೋತ್ಸವ’ ಆ ಫಾಂಟಿಲ್ಲದ ಯಂತ್ರದಲ್ಲಿ ರೋಮನ್ ಅಕ್ಷರಗಳ ಸಂತೆಯಾಗುವುದನ್ನು ಅಲ್ಲಿ ಕಾಣುತ್ತಾನೆ. ‘ಕರ್ವ್ಸ್ ಕರ್ಕೆ ಲಾವೋ ಭಯ್ಯಾ’ ಎಂಬ ಉಪದೇಶ ಆಗುತ್ತದೆ, ಅಂದರೆ ಅಕ್ಷರಗಳನ್ನು ರೇಖಾಕೃತಿಯಾಗಿಸಿ ತಾ ಎಂದು. ಪರದೆಯ ಮೇಲೆ ಮಿಂಚಿದ ಅರಿಶಿನ-ಕುಂಕುಮದ ಬಣ್ಣಗಳು ಮುದ್ರಣದಲ್ಲಿ ಮಂಕಾದಾಗ ಆರ್‌ಜಿಬಿ-ಸಿಎಂವೈಕೆ ಭೇದ ತಾನಾಗಿ ಬೋಧೆಯಾಗುತ್ತದೆ. ಕೊನೆಗೆ ಬ್ಯಾನರಿನಲ್ಲಿ ತಮ್ಮ ಹೆಸರು ಸಣ್ಣದಾಯಿತೆಂದು ಸಂಘದ ಖಜಾಂಚಿಗಳು ಸಿಟ್ಟಾದಾಗ ಶ್ರೇಣಿ ಎಂಬ ಗಹನ ತತ್ತ್ವವೂ ತಿಳಿಯುತ್ತದೆ. ಮೂರು ಪಾಠ, ಒಂದೇ ಬ್ಯಾನರ್, ದುಡ್ಡು ಸಂಘದ್ದು.

ಫಲಶ್ರುತಿ

ಈ ಪ್ರಕರಣವನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದವನಿಗೆ ಊರಿನ ಸಮಸ್ತ ಲಗ್ನಪತ್ರಿಕೆ, ತೊಟ್ಟಿಲ ಕಾರ್ಡು, ಗೃಹಪ್ರವೇಶದ ಕರೆಯೋಲೆಗಳು ತಾವಾಗಿ ಒದಗಿ ಬರುವವು. ದಕ್ಷಿಣೆಯ ಮಾತೆತ್ತಿದರೆ ಕಲಬುರಗಿಯ ಸೋದರಮಾವ ಈ ಭಾಷ್ಯ ಹೇಳುವರು: ‘ಇದಕ್ಕ್ಯಾಕ ರೊಕ್ಕ ತಮ್ಮಾ? ಎಲ್ಲಾ ಕಂಪ್ಯೂಟರೇ ಮಾಡ್ತದಲ್ಲ!’