ಪ್ಯಾಕ್ ಮೀಮಾಂಸೆ: ದೋರಸಮುದ್ರದ ಒಂದು ಕೈಯ ವ್ಯಾಖ್ಯಾನ

ಹೊಸತೊಡಕಿನ ಮಧ್ಯಾಹ್ನ ಅರಸೀಕೆರೆ ಸೀಮೆಯ ತೆಂಗಿನ ತೋಟಗಳಲ್ಲಿ ಗುಂಪುಗುಂಪಾಗಿ ಕೂತು ನಡೆಸುವ ಮೂರೆಲೆಯ ಅಧ್ಯಯನಕ್ಕೆ ಇದುವರೆಗೆ ಯಾವ ವಿಶ್ವವಿದ್ಯಾಲಯದಲ್ಲೂ ಪೀಠವಿಲ್ಲ. ಇರುವುದು ಚಾಪೆ ಮಾತ್ರ. ಪ್ರಸ್ತುತ ಪ್ರಬಂಧ ಆ ಕೊರತೆ ನೀಗುವ ವಿನಮ್ರ ಯತ್ನ. ವಿಚಾರ್ಯ ವಿಷಯ ಹೀಗಿದೆ: ಕೈಯಲ್ಲಿ ಎಕ್ಕ ಸೇರಿದ ಕಲರ್, ಅಂದರೆ ಒಂದೇ ಬಣ್ಣದ ಮೂರು ಎಲೆ, ಬಂದಿದೆ. ನಾಲ್ವರು ಎಲೆ ಬಿಸಾಕಿ ಎದ್ದಿದ್ದಾರೆ. ಅಷ್ಟು ಹೊತ್ತೂ ಬೀಡಿ ಸೇದುತ್ತ ಸುಮ್ಮನಿದ್ದ ಎದುರಿನವನು ಕಡೇ ಗಳಿಗೆಯಲ್ಲಿ ದುಪ್ಪಟ್ಟು ಹಾಕಿದ. ಎಲೆ ಕೆಳಗಿಟ್ಟು ಪ್ಯಾಕ್ ಮಾಡಬೇಕೋ, ಬೇಡವೋ? ಶೋ ಕೇಳಬಹುದಲ್ಲ ಎನ್ನುವವರು ಶೋಗೂ ದುಡ್ಡು ಹಾಕಬೇಕೆಂಬುದನ್ನು ಮರೆತವರು. ಅವರಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ.

ಮೊದಲು ಗಣಿತದ ಮಾತು. 52 ಎಲೆಗಳಿಂದ ಮೂರೆಲೆಯ ಕೈ 22,100 ಬಗೆಯಲ್ಲಿ ಬರಬಹುದು. ಕಲರಿಗಿಂತ ಮೇಲಿನ ವರ್ಗದ ಕೈಗಳು, ಅಂದರೆ ಸೀಕ್ವೆನ್ಸು, ಒಂದೇ ಬಣ್ಣದ ಸೀಕ್ವೆನ್ಸು, ಒಂದೇ ಅಂಕಿಯ ಮೂರು, ಎಲ್ಲ ಕೂಡಿಸಿದರೂ 820. ನೂರಕ್ಕೆ ನಾಲ್ಕೂ ಇಲ್ಲ. ಈ ಲೆಕ್ಕವನ್ನೇ ನಂಬಿ ತೋಟ ಬರೆದುಕೊಟ್ಟವರುಂಟು. ಏಕೆಂದರೆ ಇದು ಎಲೆ ಹಂಚಿದ ಗಳಿಗೆಯ ಲೆಕ್ಕ. ದುಪ್ಪಟ್ಟು ಬಿದ್ದ ಗಳಿಗೆಯದಲ್ಲ. ಬಡಕಲು ಕೈಗಳೆಲ್ಲ ಆಗಲೇ ಎದ್ದು ಹೋಗಿರುತ್ತವೆ. ಎದುರಿನವನು ಇನ್ನೂ ಕೂತಿದ್ದಾನೆ ಎಂಬುದೇ ಅವನ ನಾಲ್ಕನೇ ಎಲೆ.

ನ್ಯಾಯಶಾಸ್ತ್ರ ಇನ್ನೂ ನಿಷ್ಠುರ. 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡಬೇಕಾದ್ದರಿಂದ ಅದು ಮುಖ್ಯವಾಗಿ ಕೌಶಲದ ಆಟ ಎಂದಿತು. ಅದೇ ಉಸಿರಿನಲ್ಲಿ ಮೂರೆಲೆಯನ್ನು ಬರೀ ಅದೃಷ್ಟದ ಸಾಲಿಗೆ ತಳ್ಳಿತು. ಹಾಗಾಗಿ ದುಪ್ಪಟ್ಟಿನೆದುರು ನಮ್ಮ ಹಣೆಯಲ್ಲಿ ಮೂಡುವ ಬೆವರಿಗೆ ಕಾನೂನಿನಲ್ಲಿ ಬುದ್ಧಿಯ ಮಾನ್ಯತೆ ಇಲ್ಲ.

ಇನ್ನು ಪೂರ್ವಪಕ್ಷ. ಇದನ್ನು ಬೇಲೂರು ಪಂಥ ಎನ್ನುತ್ತೇವೆ. ಇವರ ಮತದಲ್ಲಿ ಒಳ್ಳೆಯ ಕೈಯನ್ನು ಕೆಳಗಿಡುವುದು ಮಹಾಪಾತಕ. ತಲಕಾಡಿನಲ್ಲಿದ್ದ ಚೋಳರ ಅಧಿಕಾರಿ ಅದಿಯಮ ತಾಕತ್ತಿದ್ದರೆ ಬಂದು ತಗೋ ಎಂದು ಏರಿಸಿದ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ಹೋಗಿ ತಗೊಂಡೇ ಬಂದ. 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆಯಾಯಿತು. ಅದೇ ವಿಷ್ಣುವರ್ಧನ ಕಲ್ಯಾಣದ ಆರನೇ ವಿಕ್ರಮಾದಿತ್ಯನ ಮುಂದೆ ತಗ್ಗಿ ನಡೆದದ್ದನ್ನು ಕೇಳಿದರೆ ಇವರು ಪ್ರಸಾದ ಕೊಟ್ಟು ಕಳಿಸುತ್ತಾರೆ. ಹುಲಿಯೆದುರು ಎದೆಗೊಟ್ಟ ಸಳನೂ ಇವರ ಮುಖ್ಯ ಪ್ರಮಾಣ. ಆದರೆ ಆ ಕೈಯನ್ನು ಅಸಿಂಧುವೆಂದು ಘೋಷಿಸಬೇಕಾಗಿದೆ. ಗುರು ಹಿಂದೆ ನಿಂತು ‘ಹೊಯ್’ ಎಂದು ಹೇಳಿಕೊಟ್ಟಿದ್ದಾನೆ. ಹಿಂದೆ ಕೂತವರು ಬಾಯಿ ಬಿಡಬಾರದೆಂಬುದು ಎಲ್ಲ ತೋಟಗಳ ಕಟ್ಟಳೆ.

ಸಿದ್ಧಾಂತ ಇರುವುದು ಹದಿನಾರು ಕಿಲೋಮೀಟರ್ ಆಚೆ, ಹಳೇಬೀಡಿನಲ್ಲಿ, ಅಂದರೆ ಅಂದಿನ ದೋರಸಮುದ್ರದಲ್ಲಿ. 1311ರ ಫೆಬ್ರವರಿ. ಹೊಯ್ಸಳ ದೊರೆ ಮೂರನೇ ಬಲ್ಲಾಳನ ಕೈ ಸಾಮಾನ್ಯದ್ದಲ್ಲ: ಕೋಟೆ, ಆನೆ, ಕುದುರೆ, ಮೂರು ತಲೆಮಾರು ಕೂತು ತಿಂದರೂ ಕರಗದ ಬೊಕ್ಕಸ. ತಪ್ಪೆಂದರೆ ಆತ ತನ್ನ ಚಾಪೆಯಲ್ಲಿರಲಿಲ್ಲ. ಪಾಂಡ್ಯ ಅಣ್ಣತಮ್ಮಂದಿರ ಜಗಳದಲ್ಲಿ ಲಾಭವೆತ್ತಲು ತಮಿಳು ಸೀಮೆಗೆ ಹೋಗಿದ್ದ. ಅಷ್ಟರಲ್ಲಿ ದಿಲ್ಲಿಯ ಸೇನಾನಿ ಮಲಿಕ್ ಕಾಫರ್ ಆಯ್ದ ಹತ್ತು ಸಾವಿರ ಸವಾರರೊಡನೆ ದೋರಸಮುದ್ರದ ಬಾಗಿಲಿಗೆ ಬಂದು ದುಪ್ಪಟ್ಟು ಹಾಕಿದನೆಂದು ಗೆದ್ದವನ ಕಡೆಯ ಕವಿ ಅಮೀರ್ ಖುಸ್ರು ಬರೆದಿಟ್ಟಿದ್ದಾನೆ. ಬಲ್ಲಾಳ ಓಡೋಡಿ ಬಂದ. ಸುತ್ತ ನೋಡಿದ. ಓರಂಗಲ್ಲಿನ ಪ್ರತಾಪರುದ್ರ ಹಿಂದಿನ ವರ್ಷವೇ ಎಲೆ ಬಿಸಾಕಿದ್ದ. ದೇವಗಿರಿಯ ರಾಮಚಂದ್ರ ಅದಕ್ಕೂ ಮೊದಲು ಪ್ಯಾಕ್ ಮಾಡಿ, ಈಗ ಗೆದ್ದವನಿಗೆ ದಾರಿ ತೋರಿಸುತ್ತಿದ್ದ. ದಿಲ್ಲಿಯಿಂದ ಇಷ್ಟು ದೂರ ಬಂದವನು ಜೋಡಿ ಹಿಡಿದುಕೊಂಡು ಬಂದಿರಲಾರ. ಆದರೂ ಬಲ್ಲಾಳ ಆತುರಪಡಲಿಲ್ಲ. ಎದುರಿನವನ ಬಲ ತಿಳಿಯಲು ಮೊದಲು ಆಳು ಕಳಿಸಿದ. ಎಲೆ ಇಣುಕುವುದು ನಮ್ಮಲ್ಲಿ ಹೊಡೆತಕ್ಕೆ ದಾರಿ, ಅರಸರಲ್ಲಿ ರಾಜನೀತಿ. ಆಮೇಲೆ ಪ್ಯಾಕ್. ಬೊಕ್ಕಸ ಹೋಯಿತು, ಆನೆಗಳು ಹೋದವು, ಮಗ ದಿಲ್ಲಿಗೆ ಹೋದ. ಗೆದ್ದವನ ಜೊತೆ ಮುಂದಿನ ಚಾಪೆಗೆ, ಅಂದರೆ ಪಾಂಡ್ಯರ ನಾಡಿಗೆ, ಬಲ್ಲಾಳನೇ ದಾರಿ ತೋರಿಸಬೇಕಾಯಿತು. ಮೂರೆಲೆಯಲ್ಲಿ ಹಾಕಿದ ಹಣ ಮರಳುವ ಪದ್ಧತಿಯಿಲ್ಲ. ಬಲ್ಲಾಳನಿಗೆ 1313ರಲ್ಲಿ ಮಗನಾದರೂ ಮರಳಿದ.

ಆಕ್ಷೇಪ: 1327ರ ಹೊತ್ತಿಗೆ ತುಘಲಕನ ಸೇನೆ ಮತ್ತೆ ಬಂದು ಊರನ್ನು ಹಾಳುಮಾಡಿತಲ್ಲ, ಪ್ಯಾಕ್ ಮಾಡಿ ಉಳಿಸಿದ್ದೇನು? ಸಮಾಧಾನ: ಆಟಗಾರನನ್ನು. ಈತ ತಿರುವಣ್ಣಾಮಲೆಗೆ ಚಾಪೆ ಬದಲಿಸಿ ಇನ್ನೂ ಹದಿನೈದು ವರ್ಷ ಆಡಿದ. ಸೋತದ್ದು ಪ್ಯಾಕ್ ಮಾಡಿದ ಕೈಯಲ್ಲಲ್ಲ, ಗೆಲ್ಲುತ್ತಿದ್ದ ಕೈಯಲ್ಲಿ. 1342–43ರಲ್ಲಿ ಕಣ್ಣನೂರು-ಕೊಪ್ಪಂ ಕೋಟೆಯನ್ನು ಮುತ್ತಿದ್ದಾಗ ಒಳಗಿನವರ ದವಸ ತಳ ಕಂಡಿತ್ತು. ಮಧುರೆಯ ಸುಲ್ತಾನನನ್ನು ಕೇಳಿ ಹೇಳುತ್ತೇವೆ ಎಂದು ಅವರು ವಾಯಿದೆ ಬೇಡಿದರು. ಎಂಬತ್ತರ ಮುದುಕ ಹದಿನಾಲ್ಕು ದಿನ ಕೊಟ್ಟ ಎನ್ನುತ್ತಾನೆ ಇಬ್ನ್ ಬತೂತ. ನಮ್ಮ ತೋಟಗಳಲ್ಲಿ ಒಂದು ಬೀಡಿ ಮುಗಿಯುವಷ್ಟು ಹೊತ್ತು ಕೊಟ್ಟರೆ ಅದೇ ಧಾರಾಳ. ಕುದುರೆಗಳನ್ನು ಮೇಯಲು ಬಿಟ್ಟು ಎಲ್ಲರೂ ಮಲಗಿದ್ದ ಮಧ್ಯಾಹ್ನ ಸುಲ್ತಾನನ ದುಪ್ಪಟ್ಟು ಬಂದು ಬಿತ್ತು. ಆಮೇಲೆ ಮಧುರೆಯ ಗೋಡೆಯ ಮೇಲೆ ತಾನು ಕಂಡದ್ದನ್ನೂ ಬತೂತ ಬರೆದಿದ್ದಾನೆ. ಬಾಡೂಟದ ದಿನ ಓದುವಂಥದ್ದಲ್ಲ.

ಅರಸೀಕೆರೆ ಪಂಥಕ್ಕೆ ಇತಿಹಾಸದ ಗೊಡವೆಯಿಲ್ಲ. ಪ್ಯಾಕ್ ಮಾಡುವವನಿಗೆ ಬೇಕಾದ್ದು ಲೆಕ್ಕವಲ್ಲ, ನೆಪ ಎಂಬುದು ಇವರ ಸೂತ್ರ. ಎಲೆ ಕೆಳಗಿಡುವಾಗ ನೋಯುವುದು ಜೇಬಿಗಿಂತ ಹೆಚ್ಚಾಗಿ ಮೀಸೆ. ಜಂಕ್ಷನ್ ಊರಿನಲ್ಲಿ ಆ ನೋವಿಗೆ ಮದ್ದು ಸಲೀಸು: ಹುಬ್ಬಳ್ಳಿ ಕಡೆಗೋ ಹಾಸನದ ಕಡೆಗೋ ಬೆಂಗಳೂರಿಗೋ ಯಾವುದಾದರೊಂದು ಗಾಡಿ ಇದ್ದೇ ಇರುತ್ತದೆ. ‘ಗಾಡಿಗೆ ಹೊತ್ತಾಯ್ತು ಕಣಣ್ಣ’ ಎಂದು ಎದ್ದರೆ ಕಲರ್ ಬಿಸಾಕಿದವನೆಂದು ಯಾರೂ ಹಂಗಿಸುವುದಿಲ್ಲ. ಬಲ್ಲಾಳನಿಗೆ ಈ ಸೌಕರ್ಯವಿರಲಿಲ್ಲ ಎಂಬುದನ್ನು ಇತಿಹಾಸಕಾರರು ಗಮನಿಸಬೇಕು.

ಎದುರಿನವನ ಕೈಯಲ್ಲಿ ನಿಜಕ್ಕೂ ಏನಿತ್ತು ಎಂಬ ಮೂಲಪ್ರಶ್ನೆ ಹಾಗೇ ಉಳಿದಿದೆ. ಪ್ಯಾಕ್ ಮಾಡಿದವನಿಗೆ ಎಲೆ ತೋರಿಸುವ ಹಂಗು ಗೆದ್ದವನಿಗಿಲ್ಲ. ಆದಕಾರಣ ಮುಂದಿನ ಕ್ಷೇತ್ರಕಾರ್ಯದಲ್ಲಿ ಪ್ರತಿ ಕೈಗೂ ಶೋ ಕೇಳಲು ತಕ್ಕಷ್ಟು ಅನುದಾನ ಮಂಜೂರು ಮಾಡಬೇಕೆಂದು ಸಂಬಂಧಪಟ್ಟವರಲ್ಲಿ ಕೋರಲಾಗಿದೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ನಿಮಿತ್ತ ಖರ್ಚಿನ ರಸೀದಿಗಳನ್ನು ಒದಗಿಸಲಾಗುವುದಿಲ್ಲ.